ಡೂನಾಕ್ಕೆ ಹೋಗುವ ದಾರಿ ಮಂಗಳನದ್ದೇ, ಅಲ್ಲಿನ ಗಾಳಿ ಮಾತ್ರ ಬೇರೆ

ಪ್ರಶ್ನೆ: ನಾನು ಎರಡನೇ ಪಿಯುಸಿ ವಿದ್ಯಾರ್ಥಿನಿ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಎಂಬ ರಾಕೆಟ್ ಆಟವನ್ನು ಒಂದು ವರ್ಷದಿಂದ ಆಡುತ್ತಿದ್ದೇನೆ. ಅದರಲ್ಲಿ ಡೂನಾ ಎಂಬ ಕೆಂಪು ಗ್ರಹ ಇದೆ. ಅಲ್ಲಿಗೆ ಮೂರು ಸಲ ನೌಕೆ ಕಳಿಸಿದೆ. ಮೂರು ಸಲವೂ ಪ್ಯಾರಾಶೂಟ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲಕ್ಕೆ ಬಡಿದು ಚೂರಾಯಿತು. ಅದೇ ನೌಕೆ ಕರ್ಬಿನ್‌ನಲ್ಲಿ, ಅಂದರೆ ಆಟದೊಳಗಿನ ಭೂಮಿಯಲ್ಲಿ, ಆರಾಮಾಗಿ ಇಳಿಯುತ್ತದೆ. ಎಲ್ಲಿ ತಪ್ಪಾಗುತ್ತಿದೆ? ಡೂನಾ ಅಂದರೆ ಮಂಗಳವೇ ಎಂದು ಗೆಳತಿಯರು ಹೇಳುತ್ತಾರೆ. ಹಾಗಾದರೆ ಅಲ್ಲಿ ಕಲಿತದ್ದು ನಿಜವಾದ ಮಂಗಳಕ್ಕೂ ಸಲ್ಲುತ್ತದೆಯೇ? ಇಳಿದ ಮೇಲೆ ವಾಪಸ್ ಬರಲು ಎಷ್ಟು ಕಾಯಬೇಕು?

ಉತ್ತರ: ಮೊದಲು ನಿಮ್ಮ ನೌಕೆಯ ವಿಚಾರ. ಮೂರು ಸಲವೂ ಒಂದೇ ಥರ ಒಡೆದಿದೆ ಎಂದು ಬರೆದಿದ್ದೀರಿ. ಅದು ಒಳ್ಳೆಯದೇ ಆಯಿತು. ಒಂದೇ ಥರ ಒಡೆದಿದ್ದರೆ ಕಾರಣವೂ ಬಹುಪಾಲು ಒಂದೇ ಇರುತ್ತದೆ. ಹುಡುಕುವುದು ಸುಲಭ.

ಈ ಆಟದಲ್ಲಿ ಪ್ಯಾರಾಶೂಟ್ ಎರಡು ಹಂತದಲ್ಲಿ ಬಿಚ್ಚಿಕೊಳ್ಳುತ್ತದೆ. ಸುತ್ತಲಿನ ಗಾಳಿಯ ಒತ್ತಡ ಒಂದು ಮಟ್ಟಕ್ಕೆ ಏರಿದಾಗ ಬಟ್ಟೆ ಹೊರಗೆ ಬಂದು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ನೆಲ ಹತ್ತಿರವಾದಾಗ ಕೊಡೆಯ ಹಾಗೆ ಪೂರ್ತಿ ಅರಳುತ್ತದೆ. ಈ ಎರಡೂ ಸಂಖ್ಯೆಗಳನ್ನು ನಾವೇ ಬದಲಿಸಬಹುದು. ಮುಟ್ಟದೆ ಬಿಟ್ಟರೆ ಸಾಮಾನ್ಯ ಮಾರ್ಕ್ 16 ಪ್ಯಾರಾಶೂಟಿನಲ್ಲಿ ಒತ್ತಡ 0.04 ಅಟ್ಮಾಸ್ಫಿಯರ್, ಎತ್ತರ 1000 ಮೀಟರ್ ಎಂದು ಇರುತ್ತದೆ.

ಕರ್ಬಿನ್‌ಗೆ ಇದು ಸರಿ. ಅಲ್ಲಿ ನೆಲದಿಂದ ಹದಿನೈದು ಕಿಲೋಮೀಟರಿಗೂ ಮೇಲೆಯೇ ಗಾಳಿಯ ಒತ್ತಡ 0.04 ದಾಟುತ್ತದೆ. ನಿಧಾನವಾಗಲು ಬೇಕಾದಷ್ಟು ಜಾಗ ಸಿಗುತ್ತದೆ. ಡೂನಾದಲ್ಲಿ ಹಾಗಿಲ್ಲ. ಅಲ್ಲಿ ಸೊನ್ನೆ ಮಟ್ಟದಲ್ಲೇ ಗಾಳಿಯ ಒತ್ತಡ ಬರೀ 0.067 ಅಟ್ಮಾಸ್ಫಿಯರ್. ಅಂದರೆ ಡೂನಾದ ನೆಲದ ಮೇಲೆ ನಿಂತರೆ ಕರ್ಬಿನ್‌ನಲ್ಲಿ 15 ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಿರುವಷ್ಟೇ ಗಾಳಿ. ಹಾಗಾಗಿ 0.04ರ ಒತ್ತಡ ಸಿಗುವ ಹೊತ್ತಿಗೆ ನೆಲ ಕೆಲವೇ ಕಿಲೋಮೀಟರ್ ಕೆಳಗಿರುತ್ತದೆ. ನೀವು ಗುಡ್ಡದ ಪ್ರದೇಶದ ಮೇಲೆ ಇಳಿಯುತ್ತಿದ್ದರೆ ಆ ಒತ್ತಡ ಸಿಗುವುದೇ ಇಲ್ಲ. ಡೂನಾದಲ್ಲಿ 8 ಕಿಲೋಮೀಟರ್ ದಾಟಿದ ಶಿಖರಗಳಿವೆ. ಅಲ್ಲಿ ಪ್ಯಾರಾಶೂಟ್ ಕೊನೆಯವರೆಗೂ ಕಾಯುತ್ತಲೇ ಇರುತ್ತದೆ, ಅಷ್ಟರಲ್ಲಿ ನೆಲ ಬಂದುಬಿಡುತ್ತದೆ. ಹೇಗೋ ಅರ್ಧ ಬಿಚ್ಚಿಕೊಂಡರೂ ಪೂರ್ತಿ ಅರಳಲು ನೆಲದಿಂದ 1000 ಮೀಟರ್ ಮಾತ್ರ ಉಳಿದಿರುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಬೀಳುತ್ತಿರುವ ನೌಕೆಗೆ ಅದು ನಾಲ್ಕು ಸೆಕೆಂಡಿನ ದಾರಿ. ಪ್ಯಾರಾಶೂಟ್ ಅರಳುವುದಕ್ಕೇ ಅಷ್ಟು ಹೊತ್ತು ಬೇಕು.

ಆದ್ದರಿಂದ ಒತ್ತಡದ ಸಂಖ್ಯೆಯನ್ನು 0.01ರ ಆಸುಪಾಸಿಗೆ ಇಳಿಸಿ. ಪೂರ್ತಿ ಅರಳುವ ಎತ್ತರವನ್ನು 2500 ಮೀಟರಿಗೋ ಅದಕ್ಕಿಂತ ಜಾಸ್ತಿಗೋ ಏರಿಸಿ. ಇಳಿಯಲು ತಗ್ಗು ಪ್ರದೇಶ ಆರಿಸಿಕೊಳ್ಳಿ. ಒಂದು ಎಚ್ಚರ ಇರಲಿ: ವೇಗ ತುಂಬಾ ಇರುವಾಗ ಪ್ಯಾರಾಶೂಟ್ ಬಿಚ್ಚಿಕೊಂಡರೆ ಹರಿದುಹೋಗುತ್ತದೆ. ಅದರ ಗುರುತಿನ ಬಣ್ಣ ಕೆಂಪಾಗಿದ್ದರೆ ಕೈ ಹಾಕಬೇಡಿ, ಆ ಬಣ್ಣ ಹೋಗುವವರೆಗೆ ಕಾಯಿರಿ. ವೇಗ ಇಳಿಸಲೆಂದೇ ಇರುವ ಚಿಕ್ಕ ಡ್ರೋಗ್ ಪ್ಯಾರಾಶೂಟನ್ನೂ ಒಂದು ಸೇರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಲಹೆ. ಕರ್ಬಿನ್‌ನಿಂದ ಬಂದ ವೇಗದಲ್ಲೇ ನೇರ ನೆಲಕ್ಕೆ ನುಗ್ಗಬೇಡಿ. ಹಾಗೆ ನುಗ್ಗಿದರೆ ಡೂನಾ ತಲುಪುವಾಗ ವೇಗ ಸೆಕೆಂಡಿಗೆ ಸುಮಾರು 1600 ಮೀಟರ್ ಇರುತ್ತದೆ. ಮೊದಲು ಕಕ್ಷೆಗೆ ಸೇರಿ. 60 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಬರೀ 890 ಮೀಟರ್. ಅಲ್ಲಿಂದ ಇಳಿದರೆ ಶಾಖದ ಚಿಂತೆ ಇಲ್ಲ. ಎಲ್ಲಿ ಇಳಿಯಬೇಕು ಎಂದು ನಿಧಾನವಾಗಿ ಆರಿಸಲೂಬಹುದು.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಕಕ್ಷೆಯ ಲೆಕ್ಕಗಳನ್ನು ಪಾಠ ಮಾಡುವವನು ನಾನು. ಇಂದಿನ ಮಕ್ಕಳು ಸೂತ್ರ ಓದುವ ಮೊದಲೇ ಈ ಆಟದಿಂದ ಕಕ್ಷೆಯ ಅಂದಾಜು ಹಿಡಿದು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಡೂನಾದಲ್ಲಿ ಯಾವುದು ಮಂಗಳದ್ದು, ಯಾವುದು ಅಲ್ಲ ಎಂದು ಬಿಡಿಸಿ ಹೇಳಲೇಬೇಕು.

ಮಂಗಳದ್ದಲ್ಲದ್ದು ಗಾಳಿ. ಮಂಗಳದ ನೆಲದ ಮೇಲೆ ಒತ್ತಡ ಸುಮಾರು 0.6 ಕಿಲೋಪ್ಯಾಸ್ಕಲ್. ಡೂನಾದಲ್ಲಿ ಸುಮಾರು 6.8 (ಮೇಲೆ ಹೇಳಿದ 0.067 ಅಟ್ಮಾಸ್ಫಿಯರ್ ಇದೇ). ಹತ್ತು ಪಟ್ಟಿಗಿಂತ ಜಾಸ್ತಿ! ಇದರ ಪರಿಣಾಮವನ್ನು ನೀವೇ ಲೆಕ್ಕ ಹಾಕಬಹುದು. ನೌಕೆಯೂ ಪ್ಯಾರಾಶೂಟೂ ಅವೇ ಆಗಿದ್ದರೆ, ಬಿಚ್ಚಿದ ಮೇಲೆ ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂಬುದು ಎರಡೇ ವಿಷಯದ ಮೇಲೆ ನಿಂತಿದೆ: ಗುರುತ್ವ ಎಷ್ಟು, ಗಾಳಿ ಎಷ್ಟು ದಟ್ಟ. ಗುರುತ್ವವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಡೂನಾದ ಗುರುತ್ವ ಕರ್ಬಿನ್‌ನ 0.3 ಪಾಲು. ಗಾಳಿಯ ಸಾಂದ್ರತೆ ಸುಮಾರು 0.12 ಪಾಲು. ಭಾಗಿಸಿದರೆ ಎರಡೂವರೆ, ವರ್ಗಮೂಲ ಸುಮಾರು 1.6. ಅಂದರೆ ಕರ್ಬಿನ್‌ನಲ್ಲಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯುವ ನೌಕೆ ಅದೇ ಪ್ಯಾರಾಶೂಟಿನಿಂದ ಡೂನಾದಲ್ಲಿ 9-10 ಮೀಟರ್ ವೇಗದಲ್ಲಿ ಇಳಿಯುತ್ತದೆ. ಕರ್ಬಿನ್‌ನಷ್ಟೇ ಮೆತ್ತಗೆ ಇಳಿಯಬೇಕಾದರೆ ಎರಡೂವರೆ ಪಟ್ಟು ಬಟ್ಟೆ ಬೇಕು. ಇಲ್ಲವೇ ಕೊನೆಯ ಕ್ಷಣದಲ್ಲಿ ಎಂಜಿನ್ ಸ್ವಲ್ಪ ಉರಿಸಬೇಕು. ಎರಡನೆಯದೇ ಹಗುರ, ನಾನಾಗಿದ್ದರೆ ಅದನ್ನೇ ಮಾಡುತ್ತೇನೆ.

ಇದೇ ಲೆಕ್ಕವನ್ನು ಮಂಗಳಕ್ಕೆ ಹಾಕಿ. ಗುರುತ್ವ ಭೂಮಿಯ 0.38 ಪಾಲು, ಗಾಳಿ ಸುಮಾರು 0.016 ಪಾಲು. ಉತ್ತರ ಹೆಚ್ಚುಕಡಿಮೆ 5 ಬರುತ್ತದೆ. ಭೂಮಿಯಲ್ಲಿ 6 ಮೀಟರ್ ವೇಗದಲ್ಲಿ ಇಳಿಯುವುದು ಮಂಗಳದಲ್ಲಿ 29 ಮೀಟರ್ ವೇಗದಲ್ಲಿ ಬೀಳುತ್ತದೆ. ಅಂದರೆ ಗಂಟೆಗೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಅದು ಇಳಿಯುವುದಲ್ಲ, ಅಪಘಾತ.

2021ರ ಫೆಬ್ರವರಿ 18ರಂದು ಪರ್ಸೆವೆರೆನ್ಸ್ ರೋವರ್ ಮಂಗಳದಲ್ಲಿ ಇಳಿದದ್ದು ನೆನಪಿದೆಯಾ? ಅದು ಗಾಳಿಗೆ ನುಗ್ಗುವಾಗ ಗಂಟೆಗೆ ಸುಮಾರು 19,500 ಕಿಲೋಮೀಟರ್ ವೇಗದಲ್ಲಿತ್ತು. ನಿಮ್ಮ ಡೂನಾದ 1600 ಮೀಟರ್ ಎಲ್ಲಿ, ಸೆಕೆಂಡಿಗೆ 5400 ಮೀಟರ್ ಎಲ್ಲಿ! ಮೊದಲು ಶಾಖಕವಚ ವೇಗವನ್ನು ತಿಂದಿತು. ಆಮೇಲೆ 21.5 ಮೀಟರ್ ಅಗಲದ ಪ್ಯಾರಾಶೂಟ್ ಬಿಚ್ಚಿಕೊಂಡಿತು. ಅಷ್ಟು ದೊಡ್ಡ ಬಟ್ಟೆ ಕಟ್ಟಿದರೂ ವೇಗ ಗಂಟೆಗೆ ಸುಮಾರು 320 ಕಿಲೋಮೀಟರಿಗೆ ಮಾತ್ರ ಇಳಿಯಿತು. ಕೊನೆಯ ಎರಡು ಕಿಲೋಮೀಟರಿಗೆ ರಾಕೆಟ್‌ಗಳೇ ಬೇಕಾದವು. ಕೊನೆಗೆ ರೋವರನ್ನು ಹಗ್ಗ ಕಟ್ಟಿ ನೆಲಕ್ಕೆ ಬಿಟ್ಟರು. ಅಂದು ನಿಯಂತ್ರಣ ಕೊಠಡಿಯಿಂದ ‘ನೆಲ ಮುಟ್ಟಿತು’ ಎಂದು ಲೋಕಕ್ಕೆಲ್ಲ ಹೇಳಿದ ದನಿ ಸ್ವಾತಿ ಮೋಹನ್ ಅವರದು. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಆ ಪ್ರಸಾರವನ್ನು ಒಮ್ಮೆ ಹುಡುಕಿ ನೋಡಿ. ಒಂದೊಂದು ಹಂತ ಮುಗಿದಾಗಲೂ ಅವರು ಹೇಳುವ ಮಾತು ಈಗ ನಿಮಗೆ ಪೂರ್ತಿ ಅರ್ಥವಾಗುತ್ತದೆ.

ಹಾಗಾಗಿ ಡೂನಾದಲ್ಲಿ ಇಳಿಯುವುದನ್ನು ಕಲಿತರೆ ಮಂಗಳದಲ್ಲಿ ಇಳಿಯುವುದನ್ನು ಕಲಿತಂತೆ ಆಗುವುದಿಲ್ಲ. ಪ್ಯಾರಾಶೂಟ್ ಒಂದೇ ಸಾಲದು, ಎಂಜಿನ್ನೂ ಬೇಕು ಎಂಬ ಪಾಠ ಎರಡಕ್ಕೂ ಒಂದೇ. ಕಷ್ಟದ ಪ್ರಮಾಣ ಬೇರೆ.

ಗ್ರಹದ ಗಾತ್ರವೂ ಮಂಗಳನದ್ದಲ್ಲ. ಡೂನಾದ ತ್ರಿಜ್ಯ 320 ಕಿಲೋಮೀಟರ್, ಮಂಗಳನದ್ದು ಸುಮಾರು 3390. ಆಟದ ಎಲ್ಲ ಗ್ರಹಗಳೂ ಹೀಗೇ ಚಿಕ್ಕವು. ಕರ್ಬಿನ್‌ನ ತ್ರಿಜ್ಯ 600 ಕಿಲೋಮೀಟರ್, ಭೂಮಿಯದು 6371. ಇದರಿಂದ ಆಡುವವರಿಗೆ ಅನುಕೂಲ. ಕರ್ಬಿನ್‌ನಿಂದ ಕಕ್ಷೆಗೆ ಏರಲು ಸೆಕೆಂಡಿಗೆ ಸುಮಾರು 3400 ಮೀಟರ್ ಡೆಲ್ಟಾ-ವಿ (ಎಂಜಿನ್ ಮಾಡಬೇಕಾದ ವೇಗದ ಬದಲಾವಣೆ) ಸಾಕು. ಭೂಮಿಯಿಂದ ಏರಲು 9000ಕ್ಕೂ ಜಾಸ್ತಿ ಬೇಕು. ಆದರೆ ಗ್ರಹ ಕುಗ್ಗಿಸಿ ಗುರುತ್ವ ಮಾತ್ರ ಹಾಗೇ ಉಳಿಸಬೇಕಾದರೆ ಒಳಗಿನ ವಸ್ತು ಹತ್ತು ಪಟ್ಟು ಒತ್ತಾಗಬೇಕು ಅಲ್ವಾ? ಡೂನಾದ ಸಾಂದ್ರತೆ ಲೆಕ್ಕ ಹಾಕಿದರೆ ಒಂದು ಘನಮೀಟರಿಗೆ ಸುಮಾರು 32,900 ಕಿಲೋಗ್ರಾಂ ಬರುತ್ತದೆ. ನಮಗೆ ಗೊತ್ತಿರುವ ಅತಿ ಸಾಂದ್ರ ಲೋಹಗಳಲ್ಲಿ ಒಂದಾದ ಆಸ್ಮಿಯಮ್ ಕೂಡ 22,600ರ ಹತ್ತಿರ ನಿಲ್ಲುತ್ತದೆ. ಅಂಥ ಗ್ರಹ ನಿಜಲೋಕದಲ್ಲಿ ಇರಲು ಸಾಧ್ಯವಿಲ್ಲ. ಆಟ ನಡೆಯಲಿ ಎಂದು ಮಾಡಿಕೊಂಡ ಒಪ್ಪಂದ ಅದು. ಒಳ್ಳೆಯ ಒಪ್ಪಂದ ಎಂದೇ ನನ್ನ ಅಭಿಪ್ರಾಯ.

ಈಗ ನಿಜವಾದ ಸೊಗಸಿನ ಜಾಗಕ್ಕೆ ಬರೋಣ. ಕಕ್ಷೆ ನೋಡಿ. ಕರ್ಬಿನ್ ತನ್ನ ಸೂರ್ಯನಿಂದ ಸರಾಸರಿ 1.36 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಡೂನಾ 2.073 ಕೋಟಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 1.524 ಬರುತ್ತದೆ. ಮಂಗಳನ ದೂರವನ್ನು ಭೂಮಿಯ ದೂರದಿಂದ ಭಾಗಿಸಿದರೂ 1.524! ಇದು ಆಕಸ್ಮಿಕ ಅಲ್ಲ. ಈ ಆಟ ಮಾಡಿದ ಮೆಕ್ಸಿಕೋ ನಗರದ ಸ್ಕ್ವಾಡ್ ಕಂಪನಿಯವರು 2012ರ ಸೆಪ್ಟೆಂಬರ್‌ನಲ್ಲಿ 0.17ನೇ ಆವೃತ್ತಿಯ ಜೊತೆ ಡೂನಾವನ್ನು ತಂದರು. ಕ್ಯೂರಿಯಾಸಿಟಿ ರೋವರ್ ಮಂಗಳದಲ್ಲಿ ಇಳಿದು ಒಂದೂವರೆ ತಿಂಗಳಾಗಿತ್ತು ಅಷ್ಟೆ. ಆಗ ಅವರು ಕಕ್ಷೆಯನ್ನು ಮಂಗಳನ ಅಳತೆಯಲ್ಲೇ ಕುಗ್ಗಿಸಿ ಇಟ್ಟರು.

ಈ ಒಂದು ಅನುಪಾತ ಸರಿಯಿದ್ದರೆ ಸಾಕು, ಕೆಪ್ಲರ್ ನಿಯಮ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಡೂನಾದ ವರ್ಷ ಕರ್ಬಿನ್ ವರ್ಷದ 1.88 ಪಟ್ಟು. ಮಂಗಳನ ವರ್ಷವೂ ನಮ್ಮ ವರ್ಷದ 1.88 ಪಟ್ಟು. ಬಿಸಿಲು ಎರಡೂ ಕಡೆ ಮನೆಯಲ್ಲಿ ಸಿಗುವುದರ 43 ಶೇಕಡಾ. ನಿಮ್ಮ ಸೋಲಾರ್ ಪ್ಯಾನೆಲ್‌ಗಳು ಡೂನಾದಲ್ಲಿ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಕೊಡುವುದು ಇದಕ್ಕೇ.

ಹೊರಡುವ ಮುಹೂರ್ತವೂ ಹಾಗೇ. ಖೋ-ಖೋದಲ್ಲಿ ಓಡುವವಳನ್ನು ಮುಟ್ಟಬೇಕಾದರೆ ಅವಳು ಈಗ ಇರುವ ಕಡೆಗೆ ನುಗ್ಗಿದರೆ ಸಿಗುವುದಿಲ್ಲ. ಅವಳು ತಲುಪಲಿರುವ ಕಡೆಗೆ ನುಗ್ಗಬೇಕು. ಕಡಿಮೆ ಇಂಧನದ ದಾರಿಯಲ್ಲಿ ನಿಮ್ಮ ನೌಕೆ ಸೂರ್ಯನ ಸುತ್ತ ಅರ್ಧ ಸುತ್ತು, ಅಂದರೆ 180 ಡಿಗ್ರಿ ಹೋಗುತ್ತದೆ. ಅದಕ್ಕೆ ಕರ್ಬಿನ್ ಲೆಕ್ಕದಲ್ಲಿ ಸುಮಾರು 302 ದಿನ ಬೇಕು. ಅಲ್ಲಿನ ದಿನಕ್ಕೆ 6 ಗಂಟೆ, ನೆನಪಿರಲಿ. ಅಷ್ಟು ದಿನದಲ್ಲಿ ಡೂನಾ 136 ಡಿಗ್ರಿ ಓಡುತ್ತದೆ. ಕಳೆದರೆ 44. ಹೊರಡುವಾಗ ಡೂನಾ ನಿಮಗಿಂತ 44 ಡಿಗ್ರಿ ಮುಂದೆ ಇರಬೇಕು. ನಕ್ಷೆಯಲ್ಲಿ ಸುಮಾರಾಗಿ ಲಂಬಕೋನದ ಅರ್ಧ ಎಂದು ಕಣ್ಣಳತೆ ಇಟ್ಟುಕೊಂಡರೂ ನಡೆಯುತ್ತದೆ. ಮಂಗಳಕ್ಕೆ ನೌಕೆ ಕಳಿಸುವವರು ಪುಸ್ತಕದಲ್ಲಿ ಮೊದಲು ಕಲಿಯುವ ಕೋನವೂ ಇದೇ 44 ಡಿಗ್ರಿ.

ಈ ಕೋನ ತಪ್ಪಿದರೆ ಮತ್ತೆ ಬರುವುದು 909 ಕರ್ಬಿನ್ ದಿನಗಳ ನಂತರ. ಅಂದರೆ 2.13 ಕರ್ಬಿನ್ ವರ್ಷ. ನಮ್ಮಲ್ಲಿ 780 ದಿನ, ಅದೂ 2.13 ವರ್ಷ. ಇದನ್ನು ಕ್ಯಾಲೆಂಡರಿನಲ್ಲೇ ನೋಡಬಹುದು. 2013ರ ನವೆಂಬರ್‌ನಲ್ಲಿ ನಮ್ಮ ಮಂಗಳಯಾನವೂ ಅಮೆರಿಕದ ಮೇವನ್ ನೌಕೆಯೂ ಹೊರಟವು. 2016ರ ಮಾರ್ಚ್‌ನಲ್ಲಿ ಎಕ್ಸೋಮಾರ್ಸ್, 2018ರ ಮೇ ತಿಂಗಳಲ್ಲಿ ಇನ್‌ಸೈಟ್. 2020ರ ಜುಲೈ ಒಂದೇ ತಿಂಗಳಲ್ಲಿ ಎಮಿರೇಟ್ಸ್, ಚೀನಾ, ಅಮೆರಿಕ ಮೂವರೂ ಕಳಿಸಿದರು. ಯಾರಿಗಾದರೂ ಮುಹೂರ್ತ ಒಂದೇ, ಆಕಾಶ ಯಾರಿಗೂ ಕಾಯುವುದಿಲ್ಲ.

ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಮಂಗಳನ ಕಕ್ಷೆ ಡೂನಾದ್ದಕ್ಕಿಂತ ಜಾಸ್ತಿ ಚಪ್ಪಟೆ, ಸ್ವಲ್ಪ ಓರೆ ಕೂಡ. ಹಾಗಾಗಿ ಮಂಗಳಕ್ಕೆ ಕೆಲವು ಮುಹೂರ್ತ ಅಗ್ಗ, ಕೆಲವು ದುಬಾರಿ. ಡೂನಾದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಬೆಲೆ.

ಮಂಗಳಯಾನದ ಮಾತು ಬಂತಲ್ಲ, ಸ್ವಲ್ಪ ನಿಲ್ಲೋಣ. ನಿಮ್ಮ ಆಟಕ್ಕೆ ಅದು ನೇರವಾಗಿ ಬೇಕಾದದ್ದು. ಆ ನೌಕೆಯ ತೂಕ 1337 ಕಿಲೋ. ಅದರ ಮುಖ್ಯ ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ ಭೂಮಿಯ ಮೇಲೆ ಸುಮಾರು 45 ಕಿಲೋ ತೂಕ ಎತ್ತುವಷ್ಟು. ಅಷ್ಟು ಸಣ್ಣ ಎಂಜಿನ್ನಿನಿಂದ ಭೂಮಿಯನ್ನು ಒಂದೇ ಸಲಕ್ಕೆ ಬಿಟ್ಟು ಹೋಗುವುದು ಆಗದ ಮಾತು. ನವೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಹಾರಿದ ಮೇಲೆ, 7ರಿಂದ 16ರವರೆಗೆ ಹಲವು ಸಲ ಎಂಜಿನ್ ಉರಿಸಿದರು. ಪ್ರತಿ ಸಲವೂ ನೌಕೆ ಭೂಮಿಗೆ ಹತ್ತಿರ ಬಂದಾಗ ಮಾತ್ರ. ಕಕ್ಷೆಯ ಆ ಕಡೆಯ ತುದಿ ಸಲದಿಂದ ಸಲಕ್ಕೆ ದೂರ ಹೋಯಿತು. ಡಿಸೆಂಬರ್ 1ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, 22 ನಿಮಿಷದ ಉರಿ. ವೇಗಕ್ಕೆ ಸೆಕೆಂಡಿಗೆ 648 ಮೀಟರ್ ಸೇರಿತು. ನೌಕೆ ಮಂಗಳದ ದಾರಿ ಹಿಡಿಯಿತು.

ಹತ್ತಿರ ಬಂದಾಗಲೇ ಯಾಕೆ? ಹತ್ತಿರದಲ್ಲಿ ನೌಕೆಯ ವೇಗ ಜಾಸ್ತಿ. ಕೆಲಸ ಅಂದರೆ ಬಲ ಗುಣಿಸು ದೂರ ಎಂದು ನೀವು ಓದಿದ್ದೀರಿ. ವೇಗವಾಗಿ ಹೋಗುವ ನೌಕೆ ಅದೇ ಒಂದು ಸೆಕೆಂಡಿನಲ್ಲಿ ಜಾಸ್ತಿ ದೂರ ಹೋಗುತ್ತದೆ. ಆದ್ದರಿಂದ ಅಷ್ಟೇ ಇಂಧನ ಜಾಸ್ತಿ ಶಕ್ತಿ ಕೊಡುತ್ತದೆ. ಡೂನಾಕ್ಕೆ ಬಲ ಕಡಿಮೆ ಇರುವ ನ್ಯೂಕ್ಲಿಯರ್ ಎಂಜಿನ್ ಹಾಕಿ ಹೊರಡುವವರು ಇದನ್ನೇ ಮಾಡಬೇಕು. ಕರ್ಬಿನ್ ಕಕ್ಷೆಯಿಂದ ಡೂನಾ ದಾರಿಗೆ ಸೆಕೆಂಡಿಗೆ ಸುಮಾರು 1060 ಮೀಟರ್ ಬೇಕು. ಅದನ್ನು ಒಂದೇ ಉದ್ದ ಉರಿಯಲ್ಲಿ ಮಾಡಿದರೆ ಒಂದಷ್ಟು ಇಂಧನ ತಪ್ಪು ಜಾಗದಲ್ಲಿ ಖರ್ಚಾಗುತ್ತದೆ. ಎರಡು ಮೂರು ಸುತ್ತಿನಲ್ಲಿ ಹಂಚಿ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಸ್ರೋ ನೌಕೆಗಳ ಮೇಲೆ ಕಣ್ಣಿಡುವ ಬೆಂಗಳೂರಿನ ಕೇಂದ್ರ ಇಸ್ಟ್ರಾಕ್‌ನಲ್ಲಿ ಎಲ್ಲರೂ ಪರದೆ ನೋಡುತ್ತಿದ್ದರು. ನೌಕೆಯ ದನಿ ಕೇಳಬೇಕಾದ ಕಿವಿಗಳಲ್ಲಿ ಬ್ಯಾಲಾಳಿನ 32 ಮೀಟರ್ ಆಂಟೆನಾವೂ ಒಂದು. ಎಂಜಿನ್ 24 ನಿಮಿಷ ಉರಿಯಬೇಕಿತ್ತು. ನಡುವೆ ನೌಕೆ ಮಂಗಳನ ಹಿಂದೆ ಮರೆಯಾಯಿತು. ಅಲ್ಲಿಂದ ಸುದ್ದಿ ಬರಲು ಬೆಳಕಿನ ವೇಗದಲ್ಲೂ ಹನ್ನೆರಡು ನಿಮಿಷ. ಏನಾದರೂ ತಪ್ಪಾದರೆ ಇಲ್ಲಿಂದ ಸರಿಮಾಡಲು ಆಗುವುದಿಲ್ಲ, ಎಲ್ಲ ಆಜ್ಞೆಯನ್ನೂ ಮೊದಲೇ ತುಂಬಿ ಕಳಿಸಿದ್ದರು. ನಿಮ್ಮ ಆಟದಲ್ಲಿ ಈ ಹನ್ನೆರಡು ನಿಮಿಷ ಇಲ್ಲ. ಬಟನ್ ಒತ್ತಿದ ಕೂಡಲೇ ಡೂನಾದಲ್ಲಿ ಎಂಜಿನ್ ಉರಿಯುತ್ತದೆ. ಮಂಗಳ ಮತ್ತು ಡೂನಾ ನಡುವಿನ ಅತಿ ದೊಡ್ಡ ಅಂತರ ಇದೇ ಎಂದು ನನಗೆ ಅನ್ನಿಸುತ್ತದೆ.

ಅಂದು ಮಂಗಳಯಾನ ಸೇರಿದ್ದು ಒಂದು ಕಡೆ ಸುಮಾರು 422 ಕಿಲೋಮೀಟರ್, ಇನ್ನೊಂದು ಕಡೆ 77,000 ಕಿಲೋಮೀಟರ್ ದೂರದ ಉದ್ದನೆಯ ಕಕ್ಷೆಗೆ. ಉದ್ದನೆಯ ಕಕ್ಷೆಗೆ ಸೇರಲು ಇಂಧನ ಕಡಿಮೆ ಸಾಕು. ನೀವೂ ಹಾಗೇ ಮಾಡಿ. ಡೂನಾದಲ್ಲಿ ಬರೀ ಸೆರೆಯಾಗಲು ಸೆಕೆಂಡಿಗೆ ಸುಮಾರು 250 ಮೀಟರ್ ಸಾಕು. ಅದನ್ನು ತಗ್ಗಿನ ಕಕ್ಷೆಗೆ ಇಳಿಸಲು ಇನ್ನೂ 360 ಬೇಕು. ಈ 360ನ್ನು ಎಂಜಿನ್ನಿಂದ ಕಳೆಯಬೇಕಾಗಿಲ್ಲ. ಡೂನಾದ ಗಾಳಿ 50 ಕಿಲೋಮೀಟರಿನವರೆಗೆ ಇದೆ. ಕಕ್ಷೆಯ ಕೆಳತುದಿಯನ್ನು ಸ್ವಲ್ಪ ಅದರೊಳಗೆ ಅದ್ದಿ, ಕೆಲವು ಸುತ್ತು ಬಿಡಿ. ಗಾಳಿಯೇ ಕಕ್ಷೆಯನ್ನು ಇಳಿಸಿಕೊಡುತ್ತದೆ. ಮಂಗಳನಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಹೀಗೇ ತಿಂಗಳುಗಟ್ಟಲೆ ಗಾಳಿಯಲ್ಲಿ ಮುಳುಗಿ ಎದ್ದು ತನ್ನ ಕಕ್ಷೆಗೆ ಬಂತು.

ಐಕ್ ಬಗ್ಗೆ ಒಂದೇ ಮಾತು. ಡೂನಾದ ಆ ಚಂದ್ರ ಆಕಾಶದಲ್ಲಿ ಕದಲದೆ ಒಂದೇ ಕಡೆ ನಿಂತಿರುತ್ತದೆ. ನೆಲದ ಒಂದೇ ಜಾಗದ ಮೇಲೆ ಉಪಗ್ರಹ ನಿಲ್ಲಿಸಬೇಕಾದ ಎತ್ತರದಲ್ಲೇ ಅದು ಸುತ್ತುತ್ತದೆ, ಸುಮಾರು 2880 ಕಿಲೋಮೀಟರ್. ಹಾಗಾಗಿ ಅಲ್ಲಿ ಸಂಪರ್ಕದ ಉಪಗ್ರಹ ನಿಲ್ಲಿಸಲು ಹೋಗಬೇಡಿ. ಇನ್ನೂ ತಗ್ಗಿನಲ್ಲಿ ಮೂರು ಉಪಗ್ರಹ ಇಟ್ಟರೆ ಸಾಕು.

ಇನ್ನು ವಾಪಸ್ ಬರುವುದು. ಡೂನಾ ನೆಲದಿಂದ ತಗ್ಗಿನ ಕಕ್ಷೆಗೆ ಏರಲು ಸೆಕೆಂಡಿಗೆ ಸುಮಾರು 1450 ಮೀಟರ್ ಬೇಕು. ಅಲ್ಲಿಂದ ಕರ್ಬಿನ್ ದಾರಿಗೆ ಇನ್ನೂ 620ರಷ್ಟು. ಮನೆಗೆ ಬರುವ ಇಂಧನವನ್ನು ನೆಲಕ್ಕೆ ಇಳಿಸಿ ಮತ್ತೆ ಎತ್ತುವುದು ಸುಮ್ನೆ ದಂಡ. ಅದನ್ನು ಕಕ್ಷೆಯಲ್ಲೇ ತಾಯಿನೌಕೆಯಲ್ಲಿ ಬಿಟ್ಟು ಹೋಗಿ. ಇಳಿಯುವ ನೌಕೆಗೆ ಟೆರಿಯರ್ ಎಂಜಿನ್ ಸಾಕು. ಕರ್ಬಿನ್ ನೆಲದ ಮೇಲೆ ಅದು ಏನೂ ಕೆಲಸಕ್ಕೆ ಬಾರದು. ಆದರೆ ಡೂನಾದ ತೆಳು ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ.

ಕಾಯುವ ಲೆಕ್ಕ ಹೀಗಿದೆ. ಹೊರಡುವಾಗ ಕರ್ಬಿನ್ ಡೂನಾಕ್ಕಿಂತ 75 ಡಿಗ್ರಿ ಹಿಂದೆ ಇರಬೇಕು. ನೀವು ಹೋಗಿ ಸೇರಿದ ದಿನ ಅದು 75 ಡಿಗ್ರಿ ಮುಂದೆ ಇರುತ್ತದೆ. ಅದು ಉಳಿದ ಸುತ್ತನ್ನೆಲ್ಲ ಓಡಿ ನಿಮ್ಮ ಹಿಂದೆ ಬರುವವರೆಗೆ ಕಾಯಬೇಕು. ಸುಮಾರು 530 ಕರ್ಬಿನ್ ದಿನ. ಹೋಗಲು 302, ಕಾಯಲು 530, ಬರಲು 302. ಒಟ್ಟು 1134 ದಿನ, ಅಂದರೆ 2.66 ಕರ್ಬಿನ್ ವರ್ಷ. ಮಂಗಳಕ್ಕೆ ಇದೇ ದಾರಿಯಲ್ಲಿ ಮನುಷ್ಯರು ಹೋದರೆ 259, 454, ಮತ್ತೆ 259. ಒಟ್ಟು 972 ದಿನ. ಅದೂ 2.66 ವರ್ಷವೇ. ಆಟದ ಗಗನಯಾತ್ರಿಗಳಾದ ಕರ್ಬಲ್‌ಗಳು ಊಟ ಕೇಳುವುದಿಲ್ಲ, ನೀವು ಸಮಯ ಓಡಿಸಿಬಿಡಬಹುದು. ಮಂಗಳಕ್ಕೆ ಹೋಗುವವರು ಆ 454 ದಿನಗಳ ಊಟ, ನೀರು, ಉಸಿರು ಎಲ್ಲವನ್ನೂ ಹೊತ್ತೊಯ್ಯಬೇಕು, ಇಲ್ಲವೇ ಅಲ್ಲೇ ಮಾಡಿಕೊಳ್ಳಬೇಕು.

ಕೊನೆಗೆ ಒಂದು ನೆನಪು. ಡೂನಾಕ್ಕೆ ಶಾಖಕವಚ ಬೇಡ ಎಂದು ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ವಾಪಸ್ ಬರುವಾಗ ಕರ್ಬಿನ್ ಗಾಳಿಗೆ ನುಗ್ಗುವ ವೇಗ ಸೆಕೆಂಡಿಗೆ ಸುಮಾರು 3370 ಮೀಟರ್. ಡೂನಾ ತಲುಪಿದ ವೇಗದ ಎರಡು ಪಟ್ಟಿಗಿಂತ ಜಾಸ್ತಿ. ಗಗನಯಾತ್ರಿಗಳು ಕೂರುವ ಕೋಣೆಯ ಅಡಿಗೆ ಶಾಖಕವಚವನ್ನು ಹೊರಡುವ ದಿನವೇ ಜೋಡಿಸಿಕೊಳ್ಳಿ.